ಬ್ರೇಕಕ್ಕನ ಬಾನೆಟ್ಟಿನ ಕೆಳಗೆ

ಬ್ರೇಕಕ್ಕನಿಗೆ ಕೋಪ ಬರುತ್ತದೆ ಎಂದರೆ ತಪ್ಪಾಗುತ್ತದೆ. ಬಂದು ಹೋಗುವ ಕೋಪವಾಗಿದ್ದರೆ ಹಾಗೆ ಹೇಳಬಹುದಿತ್ತು. ಆಕೆಯ ಕೋಪ ಆ ಮನೆಯ ಖಾಯಂ ಬಾಡಿಗೆದಾರ. ಬೆಳಿಗ್ಗೆ ಎದ್ದ ಕೂಡಲೇ ಸೋರುವ ನಲ್ಲಿಯ ಮೇಲೆ, ಆಮೇಲೆ ಬಿಗಿ ಹಿಡಿದ ಚಿಲಕದ ಮೇಲೆ, ಆಮೇಲೆ ಗಂಡನ ಮೇಲೆ. ಗಾಡಿ ಹೊರಟ ಮೇಲಂತೂ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂತ ಬಡಪಾಯಿಯೇ ಗತಿ.

ಆಕೆಯ ಕಸುಬು ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುವುದು. ಬೂದುಬಣ್ಣದ ಸಣ್ಣ ಕಾರು, ಹಳೆಯದು, ಬಾಗಿಲನ್ನು ಎರಡು ಸಲ ಬಡಿಯಬೇಕು. ಅದರಲ್ಲಿ ಕಲಿಸುವವರು ಕೂರುವ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಆಕೆಯ ಬಲಗಾಲು ಯಾವಾಗಲೂ ಅದರ ಮೇಲೆಯೇ. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಯಾರಾದರೂ ಅವಸರವಾಗಿ ಒಳಗೆ ಬಂದರೆ ಆ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಬ್ರೇಕಕ್ಕ ಅನ್ನುವ ಹೆಸರು ಬಿದ್ದದ್ದು ಹಾಗೆ. ಬೀದಿಯ ಮಕ್ಕಳು ಎದುರಿಗೇ ಹಾಗೆ ಕರೆಯುತ್ತಾರೆ, ಬೈಸಿಕೊಳ್ಳುತ್ತಾರೆ, ಮತ್ತೆ ಕರೆಯುತ್ತಾರೆ.

ಮೊದಲು ಹೀಗಿರಲಿಲ್ಲವಂತೆ. ಕಲಿಸಲು ಶುರು ಮಾಡಿದ ವರ್ಷ ಆಕೆಯ ಮಾತು ಬೆಣ್ಣೆಯಷ್ಟು ಮೆತ್ತಗಿತ್ತು ಎಂದು ಗಂಡನೇ ಹೇಳುತ್ತಾನೆ. ಆಗ ಆಸ್ಪತ್ರೆಯ ನರ್ಸಮ್ಮ ಒಬ್ಬಳು ಕಲಿಯಲು ಬರುತ್ತಿದ್ದಳು. ಒಂದು ದಿನ ತಿರುವಿನಲ್ಲಿ ಈಕೆ ಮೆಲ್ಲಗೆ, "ಸ್ವಲ್ಪ ನಿಧಾನ ಮಾಡಮ್ಮ" ಅಂದಿದ್ದಾಳೆ. ನರ್ಸಮ್ಮ ನಿಧಾನವಾಗಿ ಸ್ಟೀರಿಂಗ್ ತಿರುಗಿಸಿದಳೇ ಹೊರತು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಈಕೆ ಬ್ರೇಕ್ ಒತ್ತುವಷ್ಟರಲ್ಲಿ ಕಾರು ನೇರವಾಗಿ ಕ್ಷೌರದ ಅಂಗಡಿಯ ಗಾಜಿನ ಬಾಗಿಲು ಒಡೆದು ಒಳಗೆ ಹೋಯಿತು. ಒಂದು ಕೆನ್ನೆ ಬೋಳಿಸಿಕೊಂಡಿದ್ದವನೊಬ್ಬ ಇನ್ನೊಂದು ಕೆನ್ನೆಯ ಸೋಪಿನ ಸಮೇತ ರಸ್ತೆಗೆ ಓಡಿಬಂದ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಗಾಜು ಒಡೆದ ಸದ್ದು ಬ್ರೇಕಕ್ಕನ ಕಿವಿಯಿಂದ ಹೋಗಲಿಲ್ಲ. ಕಿವಿಯಿಂದ ಕಾಲಿಗೆ ಬಹಳ ದೂರ, ಜೋರಾಗಿ ಹೇಳಿದರೆ ಮಾತ್ರ ಮಾತು ಅಲ್ಲಿಯವರೆಗೆ ತಲುಪುತ್ತದೆ ಎಂದು ಆಕೆ ಅವತ್ತೇ ತೀರ್ಮಾನಿಸಿದಳು. ಅಂದಿನಿಂದ ಕೂಗುವುದೇ ಪಾಠ.

ಇನ್ನೊಂದು ಪಾಠವಿತ್ತು. ಕಲಿಯುವವರೆಲ್ಲ ತಪ್ಪು ಮಾಡಿದ ಕೂಡಲೇ ಹೇಳುವುದು ಒಂದೇ ಮಾತು: ಗೇರು ಬಿಗಿ ಇದೆ, ಕ್ಲಚ್ ಸರಿ ಇಲ್ಲ, ಗಾಡಿ ಎಳೀತಿಲ್ಲ. ಇದನ್ನು ಕೇಳಿದರೆ ಬ್ರೇಕಕ್ಕನ ಮೈ ಉರಿದುಹೋಗುತ್ತಿತ್ತು. ಆ ಕಾರನ್ನು ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. "ಗಾಡಿ ಮೇಲೆ ತಪ್ಪು ಹಾಕಿದ್ರೆ ಇಳಿದು ನಡ್ಕೊಂಡು ಹೋಗ್ಬೇಕು" ಅನ್ನುವಳು. ಇಬ್ಬರನ್ನು ನಿಜವಾಗಿ ಇಳಿಸಿಯೂ ಇದ್ದಳು.

ಈಗ ಆಯಾಳ ವಿಷಯಕ್ಕೆ ಬರೋಣ, ಯಾಕೆಂದರೆ ಈ ಕತೆಯಲ್ಲಿ ಕಳೆದುಕೊಳ್ಳುವುದಿದ್ದರೆ ಅದು ಅವಳಿಗೆ. ಎಳೆ ಮಕ್ಕಳ ಶಾಲೆಯೊಂದರಲ್ಲಿ ಅವಳು ಆಯಾ. ಮೂಗು ಒರೆಸುವುದು, ಚಾಪೆ ಹಾಸುವುದು, ವ್ಯಾನಿನಲ್ಲಿ ಮಕ್ಕಳ ಪಕ್ಕ ಕೂತು ಮನೆ ಮುಟ್ಟಿಸುವುದು. ಆ ವ್ಯಾನಿನ ಡ್ರೈವರು ಮುದುಕನಾಗಿ ಕೆಲಸ ಬಿಡುವವನಿದ್ದ. ಶಾಲೆಯ ದೊಡ್ಡ ಮೇಡಂ ಆಯಾಳನ್ನು ಕರೆದು, "ನೀನು ಲೈಸೆನ್ಸ್ ಮಾಡಿಸ್ಕೊಂಡ್ರೆ ಆ ಸೀಟು ನಿಂದು. ಆಗ್ಲಿಲ್ಲ ಅಂದ್ರೆ ಈ ತಿಂಗಳ ಕೊನೇಲಿ ಬೇರೆಯವರನ್ನ ನೋಡ್ತೀನಿ" ಅಂದಿದ್ದರು. ಹದಿಹರೆಯದಿಂದ ಬೇರೆಯವರ ಮಕ್ಕಳ ಮೂಗು ಒರೆಸಿಕೊಂಡೇ ಬಂದವಳಿಗೆ ಡ್ರೈವರ್ ಸೀಟು ಅಂದರೆ ಸಣ್ಣ ಮಾತಲ್ಲ. ಅವಳು ಆ ಸೀಟಿನ ಕನಸು ಕಾಣುತ್ತಿದ್ದಳು, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ತಿಂಗಳುಗಟ್ಟಲೆಯಿಂದ ಬ್ರೇಕಕ್ಕನ ಹತ್ತಿರ ಕಲಿಯುತ್ತಿದ್ದರೂ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಾಗಿಸಿದಳು. ಎರಡನೇ ಸಲ ಓಡಿಸಿದ್ದೆಲ್ಲ ಸರಿಯಾಗಿತ್ತು. ಆದರೆ ಪರೀಕ್ಷೆ ಮಾಡುವ ಸಾಹೇಬರಿಗೆ ಬಾನೆಟ್ ತೆಗೆಸಿ, ಬ್ರೇಕ್ ಆಯಿಲ್ ಡಬ್ಬಿ ಎಲ್ಲಿ, ಆಯಿಲ್ ಮಟ್ಟ ನೋಡುವ ಕಡ್ಡಿ ಯಾವುದು ಎಂದು ಕೇಳುವ ಅಭ್ಯಾಸ. ಅಂದು ಬಾನೆಟ್ಟಿನ ಕೆಳಗೆ ಧೂಳು, ಜಿಡ್ಡು, ಒಣಗಿದ ಎಲೆ, ಯಾವುದೋ ಇಲಿ ತಂದು ತುರುಕಿದ ಚಿಂದಿ ಬಟ್ಟೆ. ಎಲ್ಲವೂ ಒಂದೇ ಬಣ್ಣ. ಅವಳು ತಡಕಾಡಿ, ಕೈಗೆ ಹತ್ತಿದ ಜಿಡ್ಡನ್ನು ಗಾಬರಿಯಲ್ಲಿ ಹಣೆಗೆ ಒರೆಸಿಕೊಂಡು, ಕಡ್ಡಿಯ ಬದಲು ಯಾವುದೋ ವೈರನ್ನು ಎಳೆದಳು. ಸುತ್ತ ನಿಂತವರು ನಕ್ಕರು. ಸಾಹೇಬರು ಕಾಗದದ ಮೇಲೆ ಗೀಟು ಹಾಕಿದರು. ಬ್ರೇಕಕ್ಕ ದಾರಿಯುದ್ದಕ್ಕೂ ಅವಳಿಗೆ ಬೈದಳು. ಮನೆಗೆ ಬಂದ ಮೇಲೆ ಬಾನೆಟ್ ತೆಗೆದು ನೋಡಿ ತನಗೆ ತಾನೇ ಬೈದುಕೊಂಡಳು, ಆದರೆ ಅದು ಯಾರಿಗೂ ಕೇಳಲಿಲ್ಲ.

ಆದ್ದರಿಂದ ಮೂರನೇ ಪರೀಕ್ಷೆಯ ಹಿಂದಿನ ದಿನ ಇಳಿಹೊತ್ತಿಗೆ ಬ್ರೇಕಕ್ಕ ಸೆರಗು ಬಿಗಿದು ಎಂಜಿನ್ ತೊಳೆಯಲು ನಿಂತಳು. ಇದನ್ನು ಪ್ರೀತಿ ಎಂದು ಯಾರಾದರೂ ಹೇಳಿದ್ದರೆ ಅವರ ಮುಖಕ್ಕೆ ಸೋಪಿನ ನೀರು ಬೀಳುತ್ತಿತ್ತು.

ಎದುರು ಮನೆಯ ಪೈಪಣ್ಣ ಗೇಟಿನ ಮೇಲೆ ಕೈಯಿಟ್ಟು ನೋಡುತ್ತಿದ್ದ. ಜೋರಾಗಿ ನೀರು ಚಿಮ್ಮಿಸುವ ಯಂತ್ರವೊಂದನ್ನು ಕೊಂಡಾಗಿನಿಂದ ಅವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆ, ಗೇಟು, ಚಪ್ಪಲಿ, ಬೀದಿನಾಯಿ, ಕಂಡದ್ದಕ್ಕೆಲ್ಲ ನೀರು ಹೊಡೆಯುವುದೇ.

"ಅಕ್ಕ, ಮಿಷನ್ ತಂದ್ಕೊಡ್ಲಾ? ಐದು ನಿಮಿಷದಲ್ಲಿ ಫಳಫಳ ಅನ್ನತ್ತೆ."

"ನಿಮ್ಮ ಗಾಡಿ ಫಳಫಳ ಅಂದು ಎಷ್ಟು ದಿನ ಗ್ಯಾರೇಜಲ್ಲಿ ಮಲಗಿತ್ತು, ಮರೆತುಹೋಯ್ತಾ? ಬಿಸಿ ಎಂಜಿನ್‌ಗೆ ತಣ್ಣೀರು ಹೊಡೆದು, ವೈರು, ಫ್ಯೂಸು ಎಲ್ಲದಕ್ಕೂ ಸ್ನಾನ ಮಾಡಿಸಿದ್ರಲ್ಲ. ನಿಮ್ಮ ಮಿಷನ್ನು ನಿಮ್ಮ ಗೋಡೆಗೇ ಇರಲಿ."

ಪೈಪಣ್ಣ ನಕ್ಕು ಒಳಗೆ ಹೋದ. ಬೈಸಿಕೊಂಡರೂ ನಗುವ ಜಾತಿ ಅವನದು. ಅಂಥವರನ್ನು ಕಂಡರೆ ಬ್ರೇಕಕ್ಕನಿಗೆ ಇನ್ನಷ್ಟು ಸಿಟ್ಟು.

ಆಕೆಯ ಕ್ರಮವೇ ಬೇರೆ. ಮಧ್ಯಾಹ್ನದಿಂದ ಗಾಡಿ ತೆಗೆದಿರಲಿಲ್ಲ, ಎಂಜಿನ್ ಮೇಲೆ ಅಂಗೈ ಇಟ್ಟರೆ ತಣ್ಣಗಿತ್ತು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಎಲೆ, ಚಿಂದಿಗಳನ್ನು ಕೈಯಿಂದ ಆರಿಸಿ ತೆಗೆದಳು, ಅವು ಬಿಸಿ ಪೈಪಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಲು ತಡವಿಲ್ಲ. ಆಮೇಲೆ ನೀರು ತಾಗಬಾರದ್ದಕ್ಕೆಲ್ಲ ಮುಸುಕು: ಬ್ಯಾಟರಿಗೆ, ಫ್ಯೂಸಿನ ಪೆಟ್ಟಿಗೆಗೆ, ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ, ಕೊನೆಗೆ ಎಂಜಿನ್ ಉಸಿರೆಳೆಯುವ ಗಾಳಿ ಪೈಪಿನ ಬಾಯಿಗೆ. ಇದಕ್ಕೆಂದೇ ಬ್ರೆಡ್ಡಿನ ಬಿಳಿ ಕವರುಗಳನ್ನು ಕೂಡಿಡುತ್ತಿದ್ದಳು. ಕಟ್ಟುವುದಕ್ಕೆ ಗಂಡನ ಇಲಾಸ್ಟಿಕ್.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಿತಭಾಷಿ ಎಂದು ಊರೆಲ್ಲ ಹೊಗಳುತ್ತದೆ. ಅವನು ಮಾತಾಡಲು ಬಾಯಿ ತೆರೆದದ್ದು ಎಷ್ಟು ಸಲ, ಅರ್ಧಕ್ಕೆ ಮುಚ್ಚಿದ್ದು ಎಷ್ಟು ಸಲ ಎಂದು ನೋಡಿದವರಿಲ್ಲ. ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡುವ ಅಭ್ಯಾಸ ಅವನದು. ಸಂಸಾರ ಸರಾಗವಾಗಿ ಸಾಗಿದ್ದು ಆ ಪಿನ್ನುಗಳ ದಯೆಯಿಂದ ಎಂದು ಬೀದಿಯವರ ತಮಾಷೆ.

"ರೀ, ಕವರು ಸಾಲ್ಲಿಲ್ಲ, ಇನ್ನೊಂದು ತನ್ನಿ" ಎಂದು ಕೂಗಿದಳು.

ಅವನು ಕರಿ ಪ್ಲಾಸ್ಟಿಕ್ ಕವರೊಂದನ್ನು ಹಿಡಿದು ಬಂದ. ಬಟ್ಟೆ ಸುತ್ತಿ ಕೊಡುವ ಕವರು. ಜೊತೆಗೆ ಕರಿ ಇಲಾಸ್ಟಿಕ್ಕಿನ ತುಂಡು.

"ಬಿಳೀದು ಮುಗಿದಿದೆ. ಇದು ಕರೀದು, ಅಲ್ಲಿ ಪೈಪೂ ಕರೀದು, ಆಮೇಲೆ ಕಣ್ಣಿಗೆ..."

"ಅದಕ್ಕೇನು ಮದುವೆ ಮಾಡಿಸ್ಬೇಕಾ, ಬಣ್ಣ ಹೊಂದುತ್ತಾ ನೋಡಕ್ಕೆ? ಕೊಡಿ ಇಲ್ಲಿ. ಬೆಳಕು ಹೋಗ್ತಿದೆ."

ಕಸಿದುಕೊಂಡು ಗಾಳಿ ಪೈಪಿನ ಬಾಯಿಗೆ ಕಟ್ಟಿದಳು. ಅವಸರದಲ್ಲಿ ಒಂದು ಕಡೆ ಸಡಿಲವಾಯಿತು. ಗಂಡ ಒಳಗೆ ಹೋದ.

ಆಮೇಲಿನ ಕೆಲಸ ನೋಡುವಂತಿತ್ತು. ಒಣ ಬ್ರಷ್ಷಿನಿಂದ ಧೂಳು ಕೆಡವಿದಳು. ಜಿಡ್ಡಿರುವ ಕಡೆ ಮಾತ್ರ ಸೋಪಿನ ನೀರು ಚಿಮುಕಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದು ಉಜ್ಜಿದಳು. ಬಕೆಟ್ಟಿನಿಂದ ಸುರಿಯುವ ಮಾತೇ ಇಲ್ಲ, ಬಟ್ಟೆ ಅದ್ದಿ, ಹಿಂಡಿ, ಒರೆಸುವುದು. ಒಂದೊಂದು ಭಾಗದ ಬಣ್ಣ ಹೊರಗೆ ಬಂದಂತೆಲ್ಲ ಅಲ್ಲಿಲ್ಲದ ಆಯಾಳಿಗೆ ಬೈಯುತ್ತಲೇ ಇದ್ದಳು. "ಇಗೋ ಆಯಿಲ್ ಕಡ್ಡಿ, ಹಳದಿ ತಲೆ. ಇನ್ನೂ ಕಾಣಲ್ಲ ಅಂದ್ರೆ ನಿನ್ನ ಕಣ್ಣಿಗೇ ಬ್ರಷ್ ಹಾಕ್ತೀನಿ." ಕತ್ತಲಾಗುವ ಹೊತ್ತಿಗೆ ಬಾನೆಟ್ಟಿನ ಕೆಳಗೆಲ್ಲ ಅಚ್ಚುಕಟ್ಟಾಗಿತ್ತು. ರಾತ್ರಿಯೆಲ್ಲ ಆರಲಿ ಎಂದು ಕವರುಗಳನ್ನು ಹಾಗೇ ಬಿಟ್ಟಳು.

ಬೆಳಿಗ್ಗೆ ಏಳುವುದು ತಡವಾಯಿತು. ತಡವಾದದ್ದಕ್ಕೆ ಗಡಿಯಾರದ ಮೇಲೆ ಸಿಟ್ಟು, ಗಡಿಯಾರಕ್ಕೆ ಸೆಲ್ಲು ಹಾಕದ ಗಂಡನ ಮೇಲೆ ಸಿಟ್ಟು. ಬಾನೆಟ್ ತೆಗೆದು ಬಿಳಿ ಕವರುಗಳನ್ನೆಲ್ಲ ಪಟಪಟನೆ ಕಿತ್ತು, ಮೈನಸ್ ತಂತಿ ಬಿಗಿದು, ಗಾಡಿ ಸ್ಟಾರ್ಟ್ ಮಾಡಿದಳು. ಎಂಜಿನ್ ಸ್ವಲ್ಪ ನಡುಗಿತು. ಎಲ್ಲೋ ಪಸೆ ಉಳಿದಿರಬೇಕು, ಓಡಿದರೆ ಆರುತ್ತದೆ ಅಂದುಕೊಂಡಳು. ಇಲಾಸ್ಟಿಕ್ ತುಂಡುಗಳನ್ನು ಗಂಡನ ಮೇಜಿನ ಮೇಲೆ ಎಸೆದು ಬಂದಳು. ಅವನು ಅವುಗಳನ್ನು ಕೈಯಲ್ಲಿ ಹಿಡಿದು ಗೇಟಿನವರೆಗೆ ಹಿಂದೆಯೇ ಬಂದ.

"ಇವಳೇ, ಒಂದು ನಿಮಿಷ. ಇಲಾಸ್ಟಿಕ್ ಒಂದು ಕಮ್ಮಿ ಇದೆ."

ಬ್ರೇಕಕ್ಕ ಸಿಡಿದೇ ಬಿಟ್ಟಳು. "ಪರೀಕ್ಷೆ ದಿನ ಇಲಾಸ್ಟಿಕ್ ಲೆಕ್ಕ ಕೇಳ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ? ಗೇಣುದ್ದ ಇಲಾಸ್ಟಿಕ್ ಹೋದ್ರೆ ನಿಮ್ಮ ಅಂಗಡಿ ಮುಳುಗತ್ತಾ? ಹೋಗಿ ಒಳಗೆ."

ಅವನು ಒಳಗೆ ಹೋದ. ಪಿನ್ನು ಬಾಯಿಗಿಟ್ಟುಕೊಂಡ.

ಆಯಾ ಬೀದಿಯ ತುದಿಯಲ್ಲಿ ಕಾಯುತ್ತಿದ್ದಳು. ಪದ್ಧತಿಯಂತೆ ಅಲ್ಲಿಂದ ಪರೀಕ್ಷೆಯ ಮೈದಾನದವರೆಗೆ ಅವಳೇ ಓಡಿಸಬೇಕು. ರಸ್ತೆ ಸಮತಟ್ಟು, ವಾಹನ ಕಮ್ಮಿ. ಆದರೂ ಗಾಡಿ ತಿಣುಕುತ್ತ, ಏದುತ್ತ ಹೋಯಿತು. ಆಯಾ ಒಮ್ಮೆ ಆಕ್ಸಿಲರೇಟರ್ ಒತ್ತಿದಳು, ಒಮ್ಮೆ ಬಿಟ್ಟಳು, ಒಮ್ಮೆ ಬ್ರೇಕಕ್ಕನ ಮುಖ ನೋಡಿ ಬಾಯಿ ತೆರೆದಳು.

"ನನ್ನ ಮುಖದಲ್ಲೇನಿದೆ, ರಸ್ತೆ ನೋಡು. ಆಕ್ಸಿಲರೇಟರ್ ಕೊಡೇ. ಹಾವು ತುಳಿದೋರ ಹಾಗೆ ಯಾಕೆ ಕಾಲು ಎತ್ತುತ್ತೀಯ?"

ಆಯಾ ಬಾಯಿ ಮುಚ್ಚಿದಳು.

ಮೈದಾನದಲ್ಲಿ ಮೊದಲು ಬಾನೆಟ್ಟಿನ ಪರೀಕ್ಷೆ. ಆಯಾ ಆಯಿಲ್ ಕಡ್ಡಿ ತೋರಿಸಿದಳು, ಬ್ರೇಕ್ ಆಯಿಲ್ ಡಬ್ಬಿ ತೋರಿಸಿದಳು, ಕೇಳದಿದ್ದರೂ ಫ್ಯೂಸಿನ ಪೆಟ್ಟಿಗೆ ತೋರಿಸಿದಳು. ಸಾಹೇಬರು ತಲೆಯಾಡಿಸಿ, "ಗಾಡಿ ಚೆನ್ನಾಗಿಟ್ಟಿದೀರಿ" ಅಂದರು. ಬ್ರೇಕಕ್ಕ ಎದೆ ಸೆಟೆಸಿ ನಿಂತಳು. ಹೆಡ್‌ಲೈಟಿನ ಹಿಂದೆ, ಕರಿ ಪೈಪಿನ ಬಾಯಲ್ಲಿ ಕರಿ ಕವರು ಕೂತಿತ್ತು. ಅದನ್ನು ಸಾಹೇಬರೂ ನೋಡಲಿಲ್ಲ, ಆಕೆಯೂ ನೋಡಲಿಲ್ಲ.

ಸಾಹೇಬರು ಬ್ರೇಕಕ್ಕನ ಸೀಟಿನಲ್ಲಿ ಕೂತರು, ಬ್ರೇಕಕ್ಕ ಹಿಂದಿನ ಸೀಟಿನಲ್ಲಿ. ಎಂಟರ ಆಕಾರ ಮುಗಿಯಿತು, ಹಿಂದಕ್ಕೆ ತೆಗೆಯುವುದೂ ಮುಗಿಯಿತು, ಕಂಬಗಳು ನಿಂತಲ್ಲೇ ನಿಂತಿದ್ದವು. ಉಳಿದದ್ದು ಮಣ್ಣಿನ ಏರು. ಅರ್ಧ ಏರಿ ನಿಲ್ಲಿಸಬೇಕು, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಬೇಕು. ಆಯಾ ಏರಿದಳು, ನಿಲ್ಲಿಸಿದಳು. ಹೊರಡಲು ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಗೊರಗೊರ ಎಂದು ನಿಂತೇ ಹೋಯಿತು. ಗಾಡಿ ಹಿಂದಕ್ಕೆ ಜಾರಿತು, ಸಾಹೇಬರು ಬ್ರೇಕ್ ತುಳಿದರು. ಇನ್ನೊಮ್ಮೆ ಪ್ರಯತ್ನಿಸಲು ಹೇಳಿದರು. ಮತ್ತೆ ಅದೇ. ಕಾಗದದ ಮೇಲೆ ಗೀಟು ಬಿತ್ತು.

ಬ್ರೇಕಕ್ಕನ ಕಣ್ಣು ಕತ್ತಲಿಟ್ಟಿತು. ಸಾಹೇಬರು ಇಳಿಯುವುದನ್ನೂ ಕಾಯದೆ ಹಿಂದಿನ ಸೀಟಿನಿಂದಲೇ ಶುರು ಮಾಡಿದಳು. "ಕಾಲಿಗೆ ಜೀವ ಇಲ್ವಾ ನಿಂಗೆ? ಎಷ್ಟು ತಿಂಗಳು ಕಲಿಸಿದೆ, ಕಲ್ಲಿಗೆ ಕಲಿಸಿದ್ರೆ ಕಲ್ಲು ಓಡಿಸ್ತಿತ್ತು. ನಿನ್ನಂಥವಳ ಕೈಗೆ ಆ ಮಕ್ಕಳನ್ನ ಕೊಡ್ತಾರಲ್ಲ, ಅವರ ತಂದೆತಾಯಿಗೆ ಹೇಳ್ಬೇಕು." ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಕೊನೆಯ ಮಾತು ಆಡಬಾರದಿತ್ತು ಎಂದು ಆಡುವಾಗಲೇ ಆಕೆಗೆ ಗೊತ್ತಿತ್ತು, ಆದರೆ ನಾಲಿಗೆಗೆ ಎರಡನೇ ಪೆಡಲ್ ಇರಲಿಲ್ಲ. ಆಯಾ ಗಾಡಿಯಿಂದ ಇಳಿದಳು, ಬಾಗಿಲನ್ನು ಎರಡು ಸಲ ಬಡಿದು ಸರಿಯಾಗಿ ಮುಚ್ಚಿದಳು, ತಿರುಗಿ ನೋಡದೆ ಶಾಲೆಯ ಕಡೆ ನಡೆದುಬಿಟ್ಟಳು.

ಬ್ರೇಕಕ್ಕ ಡ್ರೈವರ್ ಸೀಟಿಗೆ ಬಂದು, ಒಬ್ಬಳೇ ಬೈದುಕೊಳ್ಳುತ್ತ ಹೊರಟಳು. ಬೆಳಿಗ್ಗೆ ಬೀದಿಯ ತುದಿಯವರೆಗೆ ಮೆಲ್ಲಗೆ ತಂದದ್ದು ಬಿಟ್ಟರೆ ಅವತ್ತು ಆಕ್ಸಿಲರೇಟರ್ ಆಕೆಯ ಕಾಲಡಿ ಬಂದದ್ದು ಆಗಲೇ. ಒತ್ತಿದರೆ ಗಾಡಿ ಮುಂದೆ ಹೋಗುವ ಬದಲು ಉಸಿರು ಕಟ್ಟುತ್ತಿತ್ತು. ಇದೇನು ಹೀಗೆ ಎಂದು ಇನ್ನಷ್ಟು ಒತ್ತಿದಳು. ತನ್ನ ಬೀದಿಯ ತಿರುವಿನಲ್ಲಿ ಗಾಡಿ ಸತ್ತು ನಿಂತಿತು. ಬಾನೆಟ್ ತೆಗೆದು, ಗಾಳಿ ಪೈಪಿನ ಗುಂಟ ಕೈ ಆಡಿಸಿದಳು. ಬೆರಳಿಗೆ ಪ್ಲಾಸ್ಟಿಕ್ ಸಿಕ್ಕಿತು. ಕವರು ಅರ್ಧ ಪೈಪಿನ ಒಳಕ್ಕೆ ಹೀರಿಕೊಂಡು ಹೋಗಿತ್ತು. ಸುತ್ತ ಕರಿ ಇಲಾಸ್ಟಿಕ್, ಆಕೆಯದೇ ಗಂಟು.

ಮೊದಲು ಬಂದದ್ದು ಪಶ್ಚಾತ್ತಾಪ ಎಂದು ಹೇಳಿದರೆ ಕತೆಗೆ ಚೆಂದ. ಬಂದದ್ದು ಕೋಪವೇ. ಅದನ್ನು ಹೊತ್ತು ಹಾಕಲು ಆಕೆಗೆ ಜಾಗ ಬೇಕಿತ್ತು, ಜಾಗ ಮುಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತಿತ್ತು. ಕವರನ್ನು ಗಂಡನ ಮೇಜಿನ ಮೇಲೆ ಬಡಿದಳು.

"ಯಾಕೆ ಹೇಳ್ಲಿಲ್ಲ ನೀವು?"

ದರ್ಜಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದ. ಕವರು ನೋಡಿದ. "ಹೇಳಕ್ಕೆ ಬಂದೆ. ಸಂಜೇನೂ ಬಂದೆ, ಬೆಳಿಗ್ಗೇನೂ ಬಂದೆ."

"ಬಂದ್ರೆ ಸಾಕಾ? ಜೋರಾಗಿ ಹೇಳ್ಬೇಕಿತ್ತು. ಕೂಗಿ ಹೇಳ್ಬೇಕಿತ್ತು."

"ಈ ಮನೇಲಿ ಕೂಗಕ್ಕೆ ಜಾಗ ಎಲ್ಲಿದೆ? ಇರೋದು ನಿಂಗೇ ಸಾಲಲ್ಲ."

ಅವನು ಕೋಪದಿಂದ ಹೇಳಲಿಲ್ಲ. ಅದೇ ಆಕೆಗೆ ಚುಚ್ಚಿತು. ಇಷ್ಟು ವರ್ಷದಲ್ಲಿ ಅವನು ತನ್ನ ಎದುರು ಪೂರ್ತಿ ಮುಗಿಸಿದ ವಾಕ್ಯಗಳು ನೆನಪಿಗೆ ಬರುತ್ತವೆಯೇ ಎಂದು ಹುಡುಕಿದಳು. ಕವರನ್ನು ಎತ್ತಿಕೊಂಡು ತಿರುವಿನಲ್ಲಿ ಬಿಟ್ಟುಬಂದ ಗಾಡಿಯ ಹತ್ತಿರ ನಡೆದಳು. ಗಾಡಿ ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಡುಕವಿಲ್ಲ, ಏದುಸಿರಿಲ್ಲ. ಅಷ್ಟು ಚೆನ್ನಾಗಿ ಓಡುವ ಗಾಡಿಯ ಮೇಲೆ ಆಕೆಗೆ ಹಿಂದೆಂದೂ ಅಷ್ಟು ಸಿಟ್ಟು ಬಂದಿರಲಿಲ್ಲ.

ಮೈದಾನದಲ್ಲಿ ಸಾಹೇಬರು ಬೆಳಗಿನ ಸಾಲು ಮುಗಿಸಿ ಕಾಗದ ಜೋಡಿಸುತ್ತಿದ್ದರು. ಬ್ರೇಕಕ್ಕ ಕವರನ್ನು ಅವರ ಮುಂದೆ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಬೇಡಿಕೊಳ್ಳುವುದು ಬಾರದ ಕಾರಣ ಅದೂ ಜಗಳದ ದನಿಯಲ್ಲೇ ಬಂತು. "ತಪ್ಪು ನಂದು. ಗೀಟು ನನ್ನ ಹೆಸರಿಗೆ ಹಾಕಿ. ಅವಳನ್ನ ಇನ್ನೊಂದ್ಸಲ ನೋಡಿ."

ಸಾಹೇಬರು ಕವರನ್ನು ತಿರುಗಿಸಿ ನೋಡಿದರು. "ನೀವು ಹೇಳಿದ್ರೆ ಆಗಲ್ಲಮ್ಮ. ಕಲಿಸಿದೋರು ದಿನಾ ಒಂದೊಂದು ಕತೆ ತರ್ತಾರೆ. ಓಡಿಸಿದ್ದು ನಿಮ್ಮ ಹತ್ರ ಕಲಿಯೋರು. ಗಾಡೀಲಿ ದೋಷ ಇತ್ತು ಅಂತ ಅವರೇ ಬಂದು ಹೇಳ್ಲಿ. ಮಧ್ಯಾಹ್ನದ ಸಾಲಿನ ಕೊನೇಲಿ ನೋಡ್ತೀನಿ."

ಶಾಲೆಯಲ್ಲಿ ಮಕ್ಕಳು ಮಲಗಿದ್ದರು. ಆಯಾ ವರಾಂಡದಲ್ಲಿ ಕೂತು ಪುಟ್ಟ ಪುಟ್ಟ ಲೋಟಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಬ್ರೇಕಕ್ಕ ಕವರನ್ನು ತೋರಿಸಿ, ದನಿ ತಗ್ಗಿಸಲು ಹೆಣಗಾಡಿ, ನಡೆದದ್ದನ್ನು ಹೇಳಿದಳು. ಆಯಾಳಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತಿತ್ತು ಮೇಡಂ."

"ಏನು ಗೊತ್ತಿತ್ತು?"

"ಕವರು ಅಂತ ಗೊತ್ತಿರ್ಲಿಲ್ಲ. ಗಾಡಿಗೇನೋ ಆಗಿದೆ ಅಂತ ಗೊತ್ತಿತ್ತು. ಒತ್ತಿದಷ್ಟೂ ಉಸಿರು ಕಟ್ತಿತ್ತು. ಬೀದಿ ದಾಟೋಕೆ ಮುಂಚೇನೇ ಕಾಲಿಗೆ ಗೊತ್ತಾಯ್ತು."

"ಮತ್ತೆ ಬಾಯಲ್ಲೇನು ಕಡುಬು..." ಎಂದು ಶುರು ಮಾಡಿದ ಬ್ರೇಕಕ್ಕ ಅಲ್ಲೇ ನಿಲ್ಲಿಸಿದಳು.

ಆಯಾ ಲೋಟ ಒರೆಸುತ್ತಲೇ ಹೇಳಿದಳು. "ಗಾಡಿ ಮೇಲೆ ತಪ್ಪು ಹಾಕಿದ್ರೆ ಇಳಿದು ನಡ್ಕೊಂಡು ಹೋಗ್ಬೇಕು ಅಂದಿದ್ರಲ್ಲ. ಪರೀಕ್ಷೆ ದಿನ ಇಳಿಸಿಬಿಟ್ರೆ ಅಂತ ಸುಮ್ಮನಾದೆ."

ಒಳಗೆ ಯಾವುದೋ ಮಗು ನಿದ್ದೆಯಲ್ಲಿ ಕೆಮ್ಮಿತು. ಸಾಲಾಗಿ ಮಲಗಿದ ಮಕ್ಕಳು ಕಿಟಕಿಯಿಂದ ಕಾಣುತ್ತಿದ್ದರು. ಬ್ರೇಕಕ್ಕ ಆ ಕಡೆ ನೋಡಿದಳು. ಇವತ್ತು ಪೈಪಿಗೆ ಕವರು ಕಟ್ಟಿತ್ತು. ನಾಳೆ ಈ ಮಕ್ಕಳನ್ನು ತುಂಬಿಕೊಂಡ ವ್ಯಾನಿನಲ್ಲಿ ಬ್ರೇಕು ಸಡಿಲವಾದರೆ, ಇವಳ ಕಾಲಿಗೆ ಮೊದಲು ಗೊತ್ತಾಗುತ್ತದೆ. ಇವಳು ಬೈಗುಳಕ್ಕೆ ಹೆದರಿ ಯಾರಿಗೂ ಹೇಳುವುದಿಲ್ಲ. ಹಾಗೆ ಹೇಳದೇ ಇರುವುದನ್ನು ತಿಂಗಳುಗಟ್ಟಲೆ ಕೂತು ಕಲಿಸಿದವಳು ತಾನೇ. ಆಕೆಗೆ ತನ್ನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಅದನ್ನು ಕೂಗಿ ಕಳೆದುಕೊಳ್ಳುವ ದಾರಿಯೂ ಇರಲಿಲ್ಲ.

"ಬಾ. ಸಾಹೇಬರ ಹತ್ರ ನೀನೇ ಹೇಳ್ಬೇಕಂತೆ."

"ಏನಂತ ಹೇಳ್ಲಿ?"

"ನಿನ್ನ ಕಾಲಿಗೆ ಏನು ಗೊತ್ತಾಯ್ತೋ ಅದು."

ದೊಡ್ಡ ಮೇಡಂ ಹತ್ತಿರ ಅಪ್ಪಣೆ ಕೇಳಿ ಆಯಾ ಬಂದಳು. ಮೈದಾನದಲ್ಲಿ ಬಿಸಿಲು ಕಾದಿತ್ತು. ಸಾಹೇಬರು ಕೇಳಿದರು, "ಏನಮ್ಮ, ಗಾಡೀಲಿ ದೋಷ ಇತ್ತಾ?"

ಆಯಾ ಬ್ರೇಕಕ್ಕನ ಕಡೆ ನೋಡಿದಳು. ಬ್ರೇಕಕ್ಕ ನೆಲ ನೋಡಿದಳು.

"ಇತ್ತು ಸಾರ್."

"ಯಾರ ತಪ್ಪು?"

ಈ ಸಲ ಅವಳು ಯಾರ ಕಡೆಯೂ ನೋಡಲಿಲ್ಲ. "ಮೇಡಂದು. ಕವರು ಬಿಚ್ಚಿರ್ಲಿಲ್ಲ. ಗಾಡಿ ಏದುತ್ತಿದ್ರೂ ನಂಗೆ ಹೇಳೋಕೆ ಬಿಡ್ಲಿಲ್ಲ. ಏರಿನಲ್ಲಿ ಬೈದ್ರಲ್ಲ, ಅದೂ ತಪ್ಪು."

ಸಾಲಿನಲ್ಲಿದ್ದ ಒಂದಿಬ್ಬರು ಕಿಸಕ್ಕೆಂದರು. ಬ್ರೇಕಕ್ಕನ ಕಿವಿ ಕೆಂಪಾಯಿತು, ಬಾಯಿಗೆ ಬಂದ ಮಾತು ಹಲ್ಲಿನವರೆಗೆ ಬಂದು ನಿಂತಿತು. ನುಂಗಿದಳು. ಅಷ್ಟು ದೊಡ್ಡದನ್ನು ಆಕೆ ಯಾವತ್ತೂ ನುಂಗಿರಲಿಲ್ಲ.

ಸಾಹೇಬರು, "ಸರಿ, ಏರು ಒಂದೇ ಬಾಕಿ, ಹತ್ತಿ" ಎಂದರು. ಆಯಾ ಸೀಟಿಗೆ ಹೋಗಲಿಲ್ಲ. ಮೊದಲು ಬಾನೆಟ್ ತೆಗೆದು, ಬಗ್ಗಿ, ಗಾಳಿ ಪೈಪಿನ ಬಾಯಿಗೆ ಬೆರಳು ಹಾಕಿ ನೋಡಿದಳು. ಆಲ್ಟರ್ನೇಟರಿನ ಹಿಂದೆ ಇಣುಕಿದಳು. ಬ್ಯಾಟರಿಯ ತಂತಿ ಅಲುಗಾಡಿಸಿ ನೋಡಿದಳು. ಬಾನೆಟ್ ಮುಚ್ಚಿ ಬಂದು ಕೂತಾಗ ಬ್ರೇಕಕ್ಕ ಆಗಲೇ ಹಿಂದಿನ ಸೀಟಿನಲ್ಲಿದ್ದಳು.

"ಮೇಡಂ, ನೀವು ಇಳೀರಿ."

"ಏನು?"

"ನೀವಿದ್ರೆ ನಂಗೆ ಗಾಡಿ ಸದ್ದು ಕೇಳಿಸಲ್ಲ."

ಇಬ್ಬರನ್ನು ಆ ಕಾರಿನಿಂದ ಇಳಿಸಿದವಳು ಬ್ರೇಕಕ್ಕ. ಆಕೆಯನ್ನು ಇಳಿಸಿದವರು ಯಾರೂ ಇರಲಿಲ್ಲ. ಇಳಿದಳು, ಬಾಗಿಲನ್ನು ಎರಡು ಸಲ ಬಡಿದಳು, ಕಂಬದ ಪಕ್ಕ ಹೋಗಿ ನಿಂತಳು.

ಗಾಡಿ ಏರು ಹತ್ತಿತು, ಅರ್ಧಕ್ಕೆ ನಿಂತಿತು. ಕೆಳಗೆ ನಿಂತ ಬ್ರೇಕಕ್ಕನ ಬಲಗಾಲು ಮಣ್ಣನ್ನು ಒತ್ತಿ ಹಿಡಿದಿತ್ತು. ಕೈಯಲ್ಲಿ ಕರಿ ಕವರು ಮುದುಡಿ ಮುದ್ದೆಯಾಗಿತ್ತು. ಎಂಜಿನ್ನಿನ ಸದ್ದು ಏರಿತು, ಗಾಡಿ ಒಂದಿಷ್ಟೂ ಜಾರದೆ ಮುಂದಕ್ಕೆ ಹೋಗಿ, ಏರಿನ ಆಚೆ ಇಳಿಯಿತು. ಸಾಹೇಬರು ಇಳಿದು ಬಂದು ಹಳೆಯ ಗೀಟಿನ ಪಕ್ಕ ಪಾಸ್ ಎಂದು ಬರೆದು ಸಹಿ ಹಾಕಿದರು.

ಆಯಾ ಗಾಡಿಯನ್ನು ಬ್ರೇಕಕ್ಕನ ಹತ್ತಿರ ತಂದು ನಿಲ್ಲಿಸಿ ಕೆಳಗಿಳಿದಳು. ಅವಳು ನಗಲಿಲ್ಲ, ಅಳಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ. ಬೆಳಗಿನ ಮಾತನ್ನು ಅವಳು ಮರೆತಿರಲಿಲ್ಲ, ಮರೆಯುವ ಹಾಗೂ ಕಾಣಲಿಲ್ಲ.

"ಮೇಡಂ, ಏರಿನಲ್ಲಿ ಗಾಡಿ ಎಡಕ್ಕೆ ಎಳೀತಿದೆ."

ಬ್ರೇಕಕ್ಕನ ನಾಲಿಗೆಯ ತುದಿಯಲ್ಲಿ ಹಳೆಯ ಮಾತು ಸಿದ್ಧವಾಗಿತ್ತು. ನಿನ್ನೆಯಾಗಿದ್ದರೆ ಅದು ಹೊರಗೆ ಬಿದ್ದು ಮೈದಾನದ ಆಚೆಯವರೆಗೂ ಕೇಳಿಸುತ್ತಿತ್ತು. ಆಕೆ ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತಳು.

"ಎಷ್ಟು ಎಳೀತಿದೆ, ಹೇಳು" ಅಂದಳು.